ಆ ದೀಪಕ್ಕೆ ಅಷ್ಟು ವಯಸ್ಸಾಗಿದೆಯಾ?

ಪ್ರಶ್ನೆ: ಕೋಟೆ ನೋಡಲು ಚಿತ್ರದುರ್ಗಕ್ಕೆ ಹೋದಾಗ ಹಳೇ ಸಾಮಾನು ತುಂಬಿದ ಪುಟ್ಟ ಹೋಟೆಲಿನಲ್ಲಿ ಉಳಿದಿದ್ದೆವು. ರೂಮಿನ ತುಂಬ ಗೋಡೆ ಗಡಿಯಾರ, ರಾತ್ರಿಯಿಡೀ ಢಣ್ ಢಣ್! ಮತ್ತೆ ಹೋಗುವವರಿದ್ದೇವೆ. ಅವನ್ನು ನಿಲ್ಲಿಸಬಹುದಾ? ಮಾಲೀಕರು 150 ವರ್ಷದ್ದು ಅಂತ ಹಿತ್ತಾಳೆ ದೀಪವೊಂದನ್ನು ಮಾರುತ್ತಾರಂತೆ. ಅಮೆರಿಕದ ಮಗನಿಗೆ ಕಳಿಸಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಲೋಲಕ ಹಿಡಿದರೆ ಗಡಿಯಾರ ನಿಲ್ಲುತ್ತದೆ ಅಕ್ಕಾ. ಆದರೆ ಮಾಲೀಕರ ಕೈಯಲ್ಲೇ ಮಾಡಿಸಿ. ಇಂಥವರಿಗೆ ಗಡಿಯಾರ ಅಂದರೆ ಗಿರಾಕಿಗಿಂತ ಜಾಸ್ತಿ!

ದೀಪದ ವಿಷಯ ಅಷ್ಟು ಸಲೀಸಲ್ಲ. ಹಳೇ ವಸ್ತುಗಳನ್ನು ಕಾಪಾಡಲು ಮಾಡಿದ 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು. ಅಂಥದ್ದನ್ನು ನಾವು ನೀವು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಮಾರುವ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಇದೆಯಾ ಅಂತ ಕೇಳಿ ನೋಡಿ. ಮಾತು ಹಾರಿಸಿದರೆ, ಆ ದೀಪಕ್ಕೆ ಅಷ್ಟು ವಯಸ್ಸೇ ಆಗಿಲ್ಲ ಅಂತ ನನ್ನ ಗುಮಾನಿ. ಹೊಸ ಹಿತ್ತಾಳೆಗೆ ಆಸಿಡ್ ಬಳಿದು ಹಳೇದು ಅನ್ನೋರು ಇದ್ದಾರೆ ಅಲ್ವಾ?

ಸುಮ್ನೆ ಚೆಂದ ಕಂಡಿದ್ದರೆ ಹಿತ್ತಾಳೆ ತೂಕದ ಲೆಕ್ಕದಲ್ಲಿ ಚೌಕಾಸಿ ಮಾಡಿ ತಗೊಳ್ಳಿ. ನಿಮ್ಮ ದೇವರ ಮನೆಯಲ್ಲೇ ಇಡಿ. ಮಗ ಊರಿಗೆ ಬಂದಾಗ ನೋಡಲಿ.