ಸಮಪಾಲಿನ ಉಳಿತಾಯವೇ ನಮ್ಮ ಮದುವೆಯನ್ನು ಮುಂದೂಡಿತು

ಒಂದೂವರೆ ವರ್ಷದಲ್ಲಿ ನಡೆಯಬೇಕಾದ ಮದುವೆಗಾಗಿ ಇಬ್ಬರೂ ಸೇರಿ ಕೂಡಿಡುತ್ತಿರುವ ಹಣವನ್ನು ಎಲ್ಲಿಟ್ಟರೆ ಹೆಚ್ಚು ಬೆಳೆಯುತ್ತದೆ ಎಂದು ನೀವು ಕೇಳಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ಪ್ರಶ್ನೆಯ ಕೊನೆಯಲ್ಲಿ ನೀವು ಹಾಗೇ ಸೇರಿಸಿಬಿಟ್ಟಿರುವ ಮಾತಿನ ಮೇಲೆ. ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ತಿಂಗಳ ಕಂತೂ ಸಮಪಾಲು. ಹೀಗಿದ್ದರೂ ನೀವು ಮದುವೆಯಾಗಲಿರುವ ಹುಡುಗಿ ಎರಡು ತಿಂಗಳು ಕಂತು ಬಿಡಬಹುದೇ ಎಂದು ಕೇಳಿದ್ದಾರೆ, ಅವರಿಗೆ ಉಳಿತಾಯದ ಶಿಸ್ತು ಸಾಲದು ಎಂದು ನಿಮಗೆ ಅನಿಸಿದೆ. ಆ ಹುಡುಗಿಯ ಜಾಗದಲ್ಲಿ ಒಂದು ಕಾಲಕ್ಕೆ ನಾನಿದ್ದೆ. ಅವರು ಬಾಯಿಬಿಟ್ಟು ಕೇಳಿದ್ದಾರೆ, ನಾನು ಕೇಳಲಿಲ್ಲ. ಇಷ್ಟೇ ವ್ಯತ್ಯಾಸ, ಮತ್ತು ಅದು ದೊಡ್ಡ ವ್ಯತ್ಯಾಸ.

ನಾನೂ ನನ್ನ ಹೆಂಡತಿಯೂ ಆಗ ಒಂದೇ ದರ್ಜೆಯ ಕೆಲಸದಲ್ಲಿದ್ದೆವು. ಯಾರ ಮನೆಯವರ ಮೇಲೂ ಭಾರ ಹಾಕದೆ ನಮ್ಮ ದುಡಿಮೆಯಲ್ಲೇ ಮದುವೆ ಮಾಡಿಕೊಳ್ಳಬೇಕೆಂದು ಇಬ್ಬರೂ ಒಪ್ಪಿದ್ದೆವು. ಅವಳು ಫೋನಿನಲ್ಲಿ ಒಂದು ಲೆಕ್ಕದ ಹಾಳೆ ಮಾಡಿದ್ದಳು. ಎಡಕ್ಕೆ ಅವಳ ಹೆಸರು, ಬಲಕ್ಕೆ ನನ್ನ ಹೆಸರು, ಕೆಳಗೆ ತಿಂಗಳಿಗೊಂದು ಸಾಲು, ಎರಡೂ ಕಡೆ ಅದೇ ಅಂಕಿ. ಹಣ ಜಮೆಯಾದ ದಿನ ಆ ತಿಂಗಳ ಚೌಕಕ್ಕೆ ಹಸಿರು ಬಣ್ಣ ತುಂಬುತ್ತಿದ್ದಳು. ನೋಡುವುದಕ್ಕೆ ಅದಕ್ಕಿಂತ ನ್ಯಾಯವಾದ ಏರ್ಪಾಡು ಇರಲಾರದು. ಆದರೆ ಆ ಹಾಳೆಯಲ್ಲಿ ಇಲ್ಲದಿದ್ದ ಒಂದು ವಿಷಯವಿತ್ತು. ನನ್ನ ತಂದೆಯ ಚಿಕಿತ್ಸೆಗಾಗಿ ತೆಗೆದ ಸಾಲದ ಕಂತನ್ನು ನಾನು ಕಟ್ಟುತ್ತಿದ್ದೆ, ತಮ್ಮನ ಕಾಲೇಜು ಶುಲ್ಕವೂ ನನ್ನ ಸಂಬಳದಿಂದಲೇ ಹೋಗುತ್ತಿತ್ತು. “ಮನೆಗೆ ಸ್ವಲ್ಪ ಕಳಿಸುತ್ತೇನೆ” ಎಂದಷ್ಟೇ ಅವಳಿಗೆ ಹೇಳಿದ್ದೆ. ಎಷ್ಟು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಂಬಳ ಒಂದೇ ಆಗಿದ್ದರೂ ಕೈಯಲ್ಲಿ ಉಳಿಯುವ ಹಣ ಒಂದೇ ಆಗಿರಲಿಲ್ಲ, ಮತ್ತು ಅದನ್ನು ತೋರಿಸಿಕೊಳ್ಳುವುದು ನನಗೆ ಅವಮಾನವೆನಿಸುತ್ತಿತ್ತು.

ನನ್ನ ತಪ್ಪು ಇಲ್ಲಿಯೇ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪಿನಂತೆ ಕಾಣುವುದೇ ಇಲ್ಲ. ನಾನು ಒಂದು ತಿಂಗಳೂ ಮದುವೆಯ ಕಂತು ತಪ್ಪಿಸಲಿಲ್ಲ. ತಪ್ಪಿಸಬಾರದೆಂಬ ಹಠದಲ್ಲಿ ದಿನಬಳಕೆಯ ಖರ್ಚನ್ನೆಲ್ಲ ಕ್ರೆಡಿಟ್ ಕಾರ್ಡಿಗೆ ಹಾಕುತ್ತಾ ಹೋದೆ. ದಿನಸಿ, ಓಡಾಟ, ಔಷಧಿ, ತಮ್ಮನ ಪುಸ್ತಕ ಎಲ್ಲವೂ ಅದರಲ್ಲೇ. ತಿಂಗಳ ಕೊನೆಗೆ ಬರುವ ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ: ಒಟ್ಟು ಬಾಕಿ, ಅದರ ಕೆಳಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ. ನಾನು ಎರಡನೆಯದನ್ನು ಮಾತ್ರ ಓದುತ್ತಿದ್ದೆ. ಅದು ಬಾಕಿಯ ಶೇ 5ರ ಆಸುಪಾಸಿನಲ್ಲಿರುತ್ತಿತ್ತು, ಬಡ್ಡಿ ತಿಂಗಳಿಗೆ ಶೇ 3. ನೂರು ಬಾಕಿ ಇದ್ದು ಐದು ಕಟ್ಟಿದರೆ ಮೂರು ಬಡ್ಡಿಗೆ ಹೋಗಿ ಅಸಲು ಕರಗುವುದು ಎರಡು ಮಾತ್ರ. ಅಷ್ಟರಲ್ಲಿ ಹೊಸ ಖರ್ಚು ಬಂದು ಸೇರಿರುತ್ತದೆ. ಪೂರ್ತಿ ಬಾಕಿ ತೀರಿಸದವರಿಗೆ ಹೊಸ ಖರೀದಿಗಳ ಮೇಲಿನ ಬಡ್ಡಿರಹಿತ ಅವಧಿಯೂ ಸಾಮಾನ್ಯವಾಗಿ ಕೈತಪ್ಪಿ, ಕೊಂಡ ದಿನದಿಂದಲೇ ಬಡ್ಡಿ ಎಣಿಕೆಯಾಗುತ್ತದೆ ಎಂಬುದು ನನಗೆ ತಡವಾಗಿ ಗೊತ್ತಾಯಿತು. ತಿಂಗಳಿಗೆ ಮೂರೆಂದರೆ ಕೇಳಲು ಸಣ್ಣದು. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಅದು ಶೇ 42 ದಾಟುತ್ತದೆ. ಮದುವೆಯ ಹಣವಿದ್ದ ಠೇವಣಿ ಕೊಡುತ್ತಿದ್ದದ್ದು ವರ್ಷಕ್ಕೆ ಶೇ 6. ಹೀಗೆ ನಾನು ಒಂದು ಕೈಯಿಂದ ಆರಕ್ಕೆ ಇಟ್ಟು ಇನ್ನೊಂದು ಕೈಯಿಂದ ನಲವತ್ತೆರಡಕ್ಕೆ ಎತ್ತುತ್ತಿದ್ದೆ, ಮತ್ತು ಆ ಹಸಿರು ಚೌಕಗಳನ್ನು ನೋಡಿ ನಾವು ಉಳಿಸುತ್ತಿದ್ದೇವೆ ಎಂದೇ ನಂಬಿದ್ದೆ.

2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಅವರು, ಜನ ತಮ್ಮ ಹಣವನ್ನು ಮನಸ್ಸಿನಲ್ಲೇ ಬೇರೆ ಬೇರೆ ಖಾತೆಗಳಾಗಿ ವಿಂಗಡಿಸಿ, ಒಂದರ ಹಣ ಇನ್ನೊಂದರ ಸಾಲಕ್ಕೆ ಆಗಬಹುದು ಎಂಬುದನ್ನೇ ಮರೆಯುವ ಬಗೆಯನ್ನು ವಿವರಿಸಿದ್ದಾರೆ. ಅದನ್ನು ಓದಿದಾಗ ಆ ದಿನಗಳ ನನ್ನ ತಲೆಯೊಳಗನ್ನು ಯಾರೋ ಬರೆದಿಟ್ಟಂತಾಯಿತು. ಮದುವೆಯ ಹಣ ನನಗೆ ಪವಿತ್ರವಾಗಿತ್ತು, ಕಾರ್ಡಿನ ಬಾಕಿ ನನ್ನೊಬ್ಬನ ತಾಪತ್ರಯವಾಗಿತ್ತು. ಎರಡನ್ನೂ ಒಂದೇ ಹಾಳೆಯ ಮೇಲಿಟ್ಟು ಕಳೆದು ನೋಡಿದ್ದರೆ ನನ್ನ ಪಾಲಿನ ಉಳಿತಾಯ ಸೊನ್ನೆಗಿಂತ ಕೆಳಗಿತ್ತು.

ಸಭಾಂಗಣಕ್ಕೆ ಮುಂಗಡ ಕೊಟ್ಟಾಗಿತ್ತು. ಎರಡನೆಯ ಕಂತಿನ ಹೊತ್ತಿಗೆ ಇಬ್ಬರೂ ತಿಂಗಳ ಪಾಲನ್ನು ಸ್ವಲ್ಪ ಏರಿಸೋಣ ಎಂದು ಅವಳು ಹೇಳಿದಾಗ ನನ್ನ ಕಾರ್ಡು ಮಿತಿಯನ್ನು ಮುಟ್ಟಿತ್ತು, ಇನ್ನು ಮುಚ್ಚಿಡಲು ದಾರಿಯಿರಲಿಲ್ಲ. ಬಿಲ್ಲನ್ನು ಅವಳ ಮುಂದಿಟ್ಟೆ. ಅವಳು ಬೈಯಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿ, “ಸಾಲ ಮಾಡಿದ್ದಕ್ಕೆ ಬೇಜಾರಿಲ್ಲ. ಪ್ರತಿ ತಿಂಗಳು ನಿನ್ನ ಅಂಕಿ ನೋಡಿ ನಾನು ಖುಷಿಪಟ್ಟೆನಲ್ಲ, ಅದನ್ನು ಹೇಗೆ ತಗೊಳ್ಳಲಿ?” ಎಂದಳು. ಇಷ್ಟು ವರ್ಷಗಳ ಮೇಲೂ ನನ್ನಲ್ಲಿ ಅದಕ್ಕೆ ಉತ್ತರವಿಲ್ಲ. ಕೂಡಿಟ್ಟಿದ್ದರಲ್ಲಿ ನನ್ನ ಪಾಲಷ್ಟೇ ಅಲ್ಲದೆ ಅವಳ ಪಾಲಿನ ಒಂದಂಶವೂ ಕಾರ್ಡಿನ ಬಾಕಿಗೆ ಹೋಯಿತು. ಸಭಾಂಗಣದವರು ಮುಂಗಡ ಹಿಂದಿರುಗಿಸಲಿಲ್ಲ. ಮದುವೆ ಮುಂದಕ್ಕೆ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಸಂಬಳ ಒಂದೇ ಆಗಿದ್ದರೆ ಪಾಲೂ ಒಂದೇ ಆಗಿರಬೇಕು ಎಂಬುದು ಲೆಕ್ಕವಲ್ಲ, ಊಹೆ. ಅಳೆಯಬೇಕಾದದ್ದು ಬರುವ ಹಣವನ್ನಲ್ಲ. ಬಾಡಿಗೆ, ಮನೆಗೆ ಕಳಿಸುವುದು, ಹಳೆಯ ಸಾಲದ ಕಂತು, ಔಷಧಿ, ಓಡಾಟ ಇವೆಲ್ಲ ಕಳೆದು ಉಳಿಯುವ ಹಣವನ್ನು. ಇಬ್ಬರಿಗೂ ನೂರು ನೂರು ಬರುತ್ತದೆ, ಒಬ್ಬರಲ್ಲಿ ನಲವತ್ತು, ಇನ್ನೊಬ್ಬರಲ್ಲಿ ಇಪ್ಪತ್ತು ಉಳಿಯುತ್ತದೆ ಎಂದುಕೊಳ್ಳಿ. ತಿಂಗಳಿಗೆ ಮೂವತ್ತು ಕೂಡಬೇಕಾದರೆ ಹದಿನೈದು ಹದಿನೈದು ಹಾಕುವುದು ಸುಲಭವಾಗಿ ತೋರುತ್ತದೆ. ಆದರೆ ಆ ಹದಿನೈದು ಮೊದಲನೆಯವರ ಉಳಿಕೆಯಲ್ಲಿ ಶೇ 37.5, ಎರಡನೆಯವರ ಉಳಿಕೆಯಲ್ಲಿ ಶೇ 75. ಹಾಗೆ ಮಾಡಿದರೆ ಎರಡನೆಯವರ ಕೈಯಲ್ಲಿ ತಿಂಗಳಿಡೀ ಐದು ಮಾತ್ರ ಇರುತ್ತದೆ. ಒಂದು ಜ್ವರ, ಒಂದು ತುರ್ತು ಪ್ರಯಾಣ ಬಂದರೂ ಸಾಲವೇ ಗತಿ. ಅದೇ ಮೂವತ್ತನ್ನು ಇಪ್ಪತ್ತು ಮತ್ತು ಹತ್ತು ಎಂದು ಹಂಚಿದರೆ ಇಬ್ಬರೂ ತಮ್ಮ ಉಳಿಕೆಯ ಅರ್ಧವನ್ನು ಕೊಟ್ಟಂತಾಗುತ್ತದೆ. ನಾವು ಎರಡನೆಯ ಸಲ ಕೂಡಿಡಲು ಶುರು ಮಾಡಿದ್ದು ಹೀಗೆಯೇ. ಕಡಿಮೆ ಹಾಕುವವರು ಕಡಿಮೆ ಪ್ರೀತಿಸುವವರಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಅವಳಿಗಿಂತ ಹೆಚ್ಚು ಸಮಯ ಬೇಕಾಯಿತು.

ನಿಮ್ಮ ಹುಡುಗಿಯ ಎರಡು ತಿಂಗಳ ಮಾತಿಗೆ ಬರೋಣ. ಇಲ್ಲವೆನ್ನಬೇಡಿ, ಮನಸ್ಸಿಲ್ಲದ ಮನಸ್ಸಿನಿಂದ ಹೂಂ ಎನ್ನಲೂ ಬೇಡಿ. ಮೊದಲು ನಿಮ್ಮ ಲೆಕ್ಕವನ್ನು ಪೂರ್ತಿಯಾಗಿ ಅವರ ಮುಂದೆ ತೆರೆದಿಡಿ: ನೀವು ಯಾರಿಗೆ ಎಷ್ಟು ಕೊಡುತ್ತೀರಿ, ಎಲ್ಲಿ ಎಷ್ಟು ಬಾಕಿ ಇದೆ, ತಿಂಗಳ ಕೊನೆಯ ವಾರದಲ್ಲಿ ಖಾತೆಯಲ್ಲಿ ಎಷ್ಟಿರುತ್ತದೆ. ತಾವು ತೋರಿಸದೆ ಇನ್ನೊಬ್ಬರನ್ನು ಕೇಳಿದರೆ ಅದು ವಿಚಾರಣೆಯಾಗುತ್ತದೆ, ಮತ್ತು ವಿಚಾರಣೆಗೆ ಜನ ನನ್ನ ಹಾಗೆ “ಸ್ವಲ್ಪ” ಎಂದೇ ಉತ್ತರಿಸುತ್ತಾರೆ. ಅವರ ಮೇಲೆ ಕಾರ್ಡಿನ ಬಾಕಿಯೇನಾದರೂ ಇದ್ದರೆ, ಅದು ತೀರುವವರೆಗೆ ಮದುವೆಯ ಕಂತನ್ನು ಇಬ್ಬರೂ ಸೇರಿ ಅದಕ್ಕೇ ಕಟ್ಟಿ. ಶೇ 42ರ ಬಾಕಿಯನ್ನು ತೀರಿಸುವುದಕ್ಕಿಂತ ಲಾಭದ ಹೂಡಿಕೆ ನಿಮಗೆ ಎಲ್ಲಿಯೂ ಸಿಗದು.

ಹಣ ಎಲ್ಲಿಡಬೇಕೆಂಬುದು ನನ್ನ ದೃಷ್ಟಿಯಲ್ಲಿ ಸಣ್ಣ ಪ್ರಶ್ನೆ. ಹದಿನೆಂಟು ತಿಂಗಳು ಸಮನಾದ ಕಂತು ಕಟ್ಟಿದರೆ ಶೇ 6ರ ಬಡ್ಡಿಗೂ ಶೇ 8ರ ಬಡ್ಡಿಗೂ ಕೊನೆಯಲ್ಲಿ ಬರುವ ವ್ಯತ್ಯಾಸ ಒಂದು ಕಂತಿನ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಕೊನೆಯ ಕಂತುಗಳಿಗೆ ಬೆಳೆಯಲು ಕಾಲವೇ ಇರುವುದಿಲ್ಲವಲ್ಲ. ಷೇರಿನಲ್ಲಿ ಹಾಕಿದರೆ ಹೇಗೆ ಎಂದೂ ಬರೆದಿದ್ದೀರಿ. 2020ರ ಫೆಬ್ರುವರಿ ನಡುವಿನಿಂದ ಮಾರ್ಚ್ ಕೊನೆಯ ವಾರದೊಳಗೆ ಅಮೆರಿಕದ ದೊಡ್ಡ ಕಂಪನಿಗಳ ಷೇರುಬೆಲೆಯ ಏರಿಳಿತ ತೋರಿಸುವ ಎಸ್ ಆಂಡ್ ಪಿ 500 ಸೂಚ್ಯಂಕ ಸುಮಾರು ಶೇ 34ರಷ್ಟು ಕುಸಿಯಿತು. ನೂರು ಅರವತ್ತಾರಾದರೆ ಮತ್ತೆ ನೂರಾಗಲು ಶೇ 50ಕ್ಕೂ ಮಿಕ್ಕಿ ಏರಬೇಕು. ಆ ಆಗಸ್ಟಿನಲ್ಲಿ ಅದು ಹಾಗೆ ಏರಿತು ಕೂಡ. ಆದರೆ ಏಪ್ರಿಲ್‌ನಲ್ಲಿ ಹಣ ಕಟ್ಟಲೇಬೇಕಿದ್ದವರಿಗೆ ಆಗಸ್ಟಿನಿಂದ ಏನು ಪ್ರಯೋಜನ? ದಿನಾಂಕ ಗೊತ್ತಾದ ಖರ್ಚಿನ ಹಣ ಸಾದಾ ಠೇವಣಿಯಲ್ಲಿರಲಿ.

ನಿಜವಾಗಿ ಹಣ ಉಳಿಯುವುದು ಅತಿಥಿಗಳ ಪಟ್ಟಿಯಲ್ಲಿ. ಊಟ, ಆಸನ, ಜಾಗದ ವಿಸ್ತಾರ, ವಸತಿ ಇವು ತಲೆಯೆಣಿಕೆಯ ಮೇಲೆ ಏರುತ್ತವೆ. ಛಾಯಾಗ್ರಾಹಕರ ಸಂಭಾವನೆ, ಉಡುಪು ಇವು ಏರುವುದಿಲ್ಲ. ಒಟ್ಟು ಖರ್ಚಿನ ನೂರರಲ್ಲಿ ಅರವತ್ತು ತಲೆಯೆಣಿಕೆಯದ್ದಾಗಿದ್ದರೆ, ಮುನ್ನೂರು ಜನರನ್ನು ಇನ್ನೂರಕ್ಕೆ ಇಳಿಸಿದ ಕೂಡಲೇ ಇಪ್ಪತ್ತು ಉಳಿಯುತ್ತದೆ. ಅಗ್ಗದ ಕಾಗದದಲ್ಲಿ ಆಹ್ವಾನಪತ್ರಿಕೆ ಮುದ್ರಿಸಿ ಇಷ್ಟು ಉಳಿಸಿದವರನ್ನು ನಾನು ಕಂಡಿಲ್ಲ. ಆದರೆ ಯಾರನ್ನು ಬಿಡಬೇಕೆಂದು ನಿರ್ಧರಿಸುವಾಗ ಒಂದು ಅಧ್ಯಯನ ನೆನಪಿರಲಿ. 2014ರಲ್ಲಿ ಎಮೊರಿ ವಿಶ್ವವಿದ್ಯಾಲಯದ ಆಂಡ್ರ್ಯೂ ಫ್ರಾನ್ಸಿಸ್ ಮತ್ತು ಹ್ಯೂಗೊ ಮಿಯಾಲನ್ ಎಂಬ ಅರ್ಥಶಾಸ್ತ್ರಜ್ಞರು, ಅಮೆರಿಕದಲ್ಲಿ ಮದುವೆಯಾಗಿದ್ದ 3,000ಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿದರು. ಸಮಾರಂಭಕ್ಕೆ ಹೆಚ್ಚು ಖರ್ಚು ಮಾಡಿದವರಲ್ಲಿ ವಿಚ್ಛೇದನದ ಸಂಭವ ಹೆಚ್ಚಿರುವುದು, ಹೆಚ್ಚು ಜನ ಸೇರಿದ್ದ ಮದುವೆಗಳಲ್ಲಿ ಅದು ಕಡಿಮೆ ಇರುವುದು ಅವರಿಗೆ ಕಂಡುಬಂತು. ಇದು ಇದಕ್ಕೇ ಕಾರಣ ಎಂದು ಅದರಿಂದ ಹೇಳಲಾಗದು. ಆದರೂ ನಾನು ಅದರಿಂದ ತೆಗೆದುಕೊಂಡದ್ದಿಷ್ಟು: ಪಟ್ಟಿಯಿಂದ ಮೊದಲು ಹೋಗಬೇಕಾದವರು ಲೋಕಾಚಾರಕ್ಕೆ ಕರೆಯುವ ಪರಿಚಿತರು, ಕಷ್ಟದ ದಿನ ಬಾಗಿಲಿಗೆ ಬರುವವರಲ್ಲ, ಅಂಥವರ ಸಂಖ್ಯೆ ದೊಡ್ಡದಿದ್ದರೆ, ಒಬ್ಬೊಬ್ಬರ ಮೇಲಿನ ಖರ್ಚನ್ನು ಇಳಿಸಿಯಾದರೂ ಎಲ್ಲರನ್ನೂ ಕರೆಯಿರಿ. ನಮ್ಮ ಮದುವೆ ಕೊನೆಗೆ ಸ್ನೇಹಿತರೊಬ್ಬರ ಮನೆಯ ಮುಂದಿನ ಬಯಲಿನಲ್ಲಿ ನಡೆಯಿತು, ಅದರ ಮೇಲೆ ಒಂದು ಬಿಡಿಗಾಸಿನ ಸಾಲವೂ ಇರಲಿಲ್ಲ.

ಕೂಡಿದ ಹಣ ಇಬ್ಬರ ಹೆಸರಿನ ಖಾತೆಯಲ್ಲಿರಲಿ, ತೆಗೆಯಲು ಇಬ್ಬರ ಸಹಿಯೂ ಬೇಕು ಎಂಬ ಷರತ್ತಿರಲಿ. ಅಕಸ್ಮಾತ್ ಮದುವೆ ನಿಂತರೆ ಯಾರ ಪಾಲು ಎಷ್ಟು ಎಂಬುದನ್ನೂ ಮನಸ್ಸು ತಿಳಿಯಾಗಿರುವಾಗಲೇ ಬರೆದಿಡಿ; ಇದನ್ನು ಅಪಶಕುನವೆಂದು ಭಾವಿಸಬೇಡಿ. ಹಾಗೆಯೇ ಸಭಾಂಗಣವಾಗಲಿ, ಊಟದವರಾಗಲಿ, ಯಾರಿಗೇ ಮುಂಗಡ ಕೊಡುವಾಗಲೂ ಎರಡು ವಿಷಯ ಕೇಳಿ: ದಿನಾಂಕ ಬದಲಾದರೆ ಮುಂಗಡ ಹೊಸ ದಿನಾಂಕಕ್ಕೆ ಸಲ್ಲುತ್ತದೆಯೇ, ರದ್ದಾದರೆ ಎಷ್ಟು ದಿನ ಮೊದಲು ತಿಳಿಸಿದರೆ ಎಷ್ಟು ಮರಳುತ್ತದೆ. ನಾವು ಬಾಯಿಮಾತನ್ನು ನಂಬಿದ್ದೆವು. ನೀವು ರಸೀದಿಯ ಮೇಲೆಯೇ ಅದನ್ನು ಬರೆಸಿಕೊಂಡು ಆಮೇಲೆ ಹಣ ಕೊಡಿ.