ಮೆಸೇಜಿನ ‘ಜಿಎಂ’ (ಗುಡ್ ಮಾರ್ನಿಂಗ್), ‘ಟಿಕ್ಯೂ’ (ಥ್ಯಾಂಕ್ಯೂ) ಶಾಲೆಯ ಬರಹದಲ್ಲಿ ಸರಿಯೇ?

ಗೆಳೆಯರ ಮೆಸೇಜಿನಲ್ಲಿ ಸರಿ, ಉತ್ತರಪತ್ರಿಕೆಯಲ್ಲಿ ಸಲ್ಲದು. ಚುಟುಕು ರೂಪವೇ ತಪ್ಪೆಂದಲ್ಲ, ಕಿ.ಮೀ., ರೂ., ಡಾ. ಪಠ್ಯಪುಸ್ತಕದಲ್ಲೇ ಇವೆ. ಅವು ಎಲ್ಲರಿಗೂ ಗೊತ್ತು, ‘ಟಿಕ್ಯೂ’ ಹಾಗಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ತೊಡಕು ಬೇರೆ: ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದು. ಅಲ್ಲಿ ಲ–ಳ, ನ–ಣ, ಹ್ರಸ್ವ–ದೀರ್ಘ ಸಾಮಾನ್ಯವಾಗಿ ಒಂದಾಗಿಬಿಡುತ್ತವೆ. ‘ಹಲ್ಲಿ’, ‘ಹಳ್ಳಿ’ಗೆ ಒಂದೇ ಸ್ಪೆಲಿಂಗ್, ‘ಬೆಲೆ’, ‘ಬೆಳೆ’, ‘ಬೇಳೆ’ ಮೂರಕ್ಕೂ ಹಾಗೆಯೇ. ಸಂದರ್ಭದಿಂದ ಅರ್ಥ ಹೊಳೆಯುವುದರಿಂದ ಮೆಸೇಜಿನಲ್ಲಿ ತಪ್ಪು ಕಾಣುವುದಿಲ್ಲ. ಮನೆಯಲ್ಲಿ ತುಳುವೋ ಮಲಯಾಳವೋ ಆಡುವ ಮಗುವಿಗಂತೂ ಕನ್ನಡದ ಕಾಗುಣಿತ ಗಟ್ಟಿಯಾಗುವುದು ಬರೆದು ಬರೆದೇ.

ಫೋನಿಗೆ ಕನ್ನಡ ಕೀಬೋರ್ಡ್ ಹಾಕಿಕೊಡಿ. ಇಂಗ್ಲಿಷ್ ಒತ್ತಿದರೆ ಪದವನ್ನು ತಾನೇ ಊಹಿಸುವಂಥದ್ದಲ್ಲ, ಕನ್ನಡ ಅಕ್ಷರಗಳೇ ಇರುವಂಥದ್ದು.