ಕಥೆಯೇ ತುಂಬಿರುವ ವಿಚಿತ್ರ ಗೇಮ್‌ಗಳು ಕೆಲವರಿಗೆ ಯಾಕೆ ಅಷ್ಟು ಹಿಡಿಸುತ್ತವೆ?

ನೀವು ಕೇಳಿರೋದು ಎರಡು ಪ್ರಶ್ನೆ. ಓಡು, ಹೊಡೆ, ಗೆಲ್ಲು ಅನ್ನುವ ಗೇಮ್‌ಗಳು ಬೇಕಾದಷ್ಟಿರುವಾಗ, ಗಂಟೆಗಟ್ಟಲೆ ಮಾತು ಓದಿಸುವ, ಬುಡ ತುದಿ ತಿಳಿಯದ ಗೇಮ್‌ಗಳಿಗೆ ಜನ ಯಾಕೆ ಮರುಳಾಗುತ್ತಾರೆ ಅನ್ನೋದು ಒಂದು. ಕಥೆಯೇ ಬೇಕಿದ್ದರೆ ಪುಸ್ತಕ ಓದಬಹುದು, ಸಿನಿಮಾ ನೋಡಬಹುದು, ಗೇಮ್ ಯಾಕೆ ಅನ್ನೋದು ಇನ್ನೊಂದು.

ನಾನು ಇಂಥ ಗೇಮ್‌ಗಳನ್ನೇ ಹುಡುಕಿಕೊಂಡು ಹೋಗಿ ಆಡುವ ಪೈಕಿ. ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ. ಗೇಮ್‌ನಲ್ಲಿ ಕಥೆ ನಡೆಯೋದು ನಮ್ಮ ಕೈಯಿಂದ. ಆದರೆ ಆಡಿ ಆಡಿ ಕೈ ಅಭ್ಯಾಸಕ್ಕೆ ಬಿದ್ದಿರುತ್ತದೆ. ಶತ್ರು ಕಂಡರೆ ಹೊಡಿ, ಪೆಟ್ಟಿಗೆ ಕಂಡರೆ ತೆರಿ, ಸೋತರೆ ಹಳೇ ಸೇವ್‌ಗೆ, ಅಂದರೆ ಆಟ ಉಳಿಸಿಟ್ಟ ಜಾಗಕ್ಕೆ, ಹೋಗು. ಇಷ್ಟನ್ನೂ ಯೋಚನೆಯೇ ಇಲ್ಲದೆ ಮಾಡ್ತೀವಿ, ಅಲ್ವಾ? ವಿಚಿತ್ರ ಗೇಮ್ ಈ ಅಭ್ಯಾಸಕ್ಕೇ ಕೈ ಹಾಕುತ್ತದೆ. ಸುಮ್ನೆ ಒತ್ತುತ್ತಿದ್ದ ಬಟನ್ ಆಗ ನಾವೇ ತಿಳಿದು ಮಾಡಿದ ಕೆಲಸವಾಗುತ್ತದೆ. ಕಥೆ ಒಳಗೆ ಇಳಿಯೋದು ಅಲ್ಲಿ.

ಮುಂದೆ ಕೆಲವು ಗೇಮ್‌ಗಳ ಗುಟ್ಟು ಹೇಳಲೇಬೇಕಾಗುತ್ತದೆ. ಆಡುವ ಆಸೆ ಇರುವ ಗೇಮ್‌ನ ಹೆಸರು ಕಂಡರೆ ಅಷ್ಟು ಭಾಗ ಬಿಟ್ಟು ಓದಿ.

2015ರಲ್ಲಿ ಬಂದ ಅಂಡರ್‌ಟೇಲ್ ನೋಡಿ. ಟೋಬಿ ಫಾಕ್ಸ್ ಇದನ್ನು ಬಹುಮಟ್ಟಿಗೆ ಒಬ್ಬರೇ ಮಾಡಿದರು. ಬರವಣಿಗೆ, ಸಂಗೀತ, ಪ್ರೋಗ್ರಾಮಿಂಗ್ ಅವರದು. ಚಿತ್ರಗಳಿಗೆ ಟೆಮ್ಮಿ ಚಾಂಗ್ ನೆರವಾದರು. ಒಂದು ಮಗು ನೆಲದಡಿಯ ರಾಕ್ಷಸರ ಲೋಕಕ್ಕೆ ಬೀಳುತ್ತದೆ. ಟೊರಿಯಲ್ ಅನ್ನುವ, ಮೇಕೆಯ ಮುಖದ ಒಬ್ಬ ತಾಯಿ ಅದನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋಗುತ್ತಾಳೆ. ತಿನ್ನೋಕೆ ಪೈ ಮಾಡಿಡುತ್ತಾಳೆ, ಮಲಗೋಕೆ ಕೋಣೆ ಕೊಡುತ್ತಾಳೆ. ಆದರೆ ಹೊರಗೆ ಬಿಡೋಲ್ಲ. ಹೋದರೆ ಸಾಯ್ತೀಯ ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಕಾದಾಟ ಶುರುವಾಗುತ್ತದೆ.

ಮಾತಾಡಿಸಿ ನೋಡುತ್ತೀರಿ, ಪ್ರಯೋಜನ ಇಲ್ಲ. ಸ್ವಲ್ಪ ಹೊಡೆದು ಸುಸ್ತು ಮಾಡಿದರೆ ದಾರಿ ಬಿಟ್ಟಾಳು ಅನ್ನಿಸುತ್ತದೆ. ಬೇರೆ ಗೇಮ್‌ಗಳು ಕಲಿಸಿರೋದೇ ಅದನ್ನ. ಹೊಡೆಯುತ್ತಾ ಹೋಗುತ್ತೀರಿ. ಅವಳ ಜೀವ ಒಂದು ಮಟ್ಟಕ್ಕೆ ಇಳಿದ ಮೇಲೆ ಒಂದೇ ಒಂದು ಏಟು ಅಂದುಕೊಂಡಿದ್ದಕ್ಕಿಂತ ಎಷ್ಟೋ ಜೋರಾಗಿ ಬೀಳುತ್ತದೆ. ಅವಳು ಸತ್ತೇ ಹೋಗುತ್ತಾಳೆ. ಅದಕ್ಕೂ ಮೊದಲು ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿರಬಹುದು. ನಿಮ್ಮ ಜೀವ ತೀರಾ ಕಮ್ಮಿ ಆದಾಗ ಅವಳು ಎಸೆಯುವ ಬೆಂಕಿಯುಂಡೆಗಳು ನಿಮಗೆ ತಾಗದ ಹಾಗೆ ಪಕ್ಕಕ್ಕೆ ಸರಿಯುತ್ತವೆ. ಅವಳಿಗೆ ನಿಮ್ಮನ್ನು ಕೊಲ್ಲುವ ಮನಸ್ಸು ಒಂದು ಕ್ಷಣವೂ ಇರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳೋಲ್ಲ. ಬೆಂಕಿಯುಂಡೆ ಹೋಗುವ ದಿಕ್ಕಿನಲ್ಲೇ ಅದು ಇದೆ.

ಆಮೇಲೆ ಬಹಳ ಜನ ಮಾಡುವುದನ್ನೇ ನೀವೂ ಮಾಡುತ್ತೀರಿ. ಸೇವ್‌ಗೆ ವಾಪಸ್ ಹೋಗಿ, ಈ ಸಲ ಕೈ ಎತ್ತದೆ, ಅವಳೇ ಸೋತು ದಾರಿ ಬಿಡುವ ತನಕ ಸಹಿಸಿಕೊಂಡು ಉಳಿಸಿಕೊಳ್ಳುತ್ತೀರಿ. ಸ್ವಲ್ಪ ಮುಂದೆ ಫ್ಲವಿ ಅನ್ನುವ ಹೂವು ಎದುರಾಗುತ್ತದೆ. ನೀನು ಅವಳನ್ನು ಕೊಂದಿದ್ದು ನನಗೆ ಗೊತ್ತು, ಮನಸ್ಸು ತಡೆಯದೆ ಹಿಂದಕ್ಕೆ ಹೋದೆ ಅಂತಾನೂ ಗೊತ್ತು ಅನ್ನುತ್ತದೆ. ಹಳೇ ಸೇವ್‌ಗೆ ಹೋಗೋದು ಅಲ್ಲಿಯವರೆಗೆ ಬರೀ ಆಟಗಾರರ ಅನುಕೂಲವಾಗಿತ್ತು. ಈಗ ಅದೂ ಕಥೆಯೊಳಗಿನ ಘಟನೆಯೇ ಆಗಿಬಿಡುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಪುಸ್ತಕ ಓದಿ ನಾನು ಅತ್ತಿದ್ದೇನೆ. ಆದರೆ ಪುಸ್ತಕದೊಳಗೆ ಯಾರೋ ಮಾಡಿದ ಕೊಲೆಗೆ ನನ್ನ ಮನಸ್ಸು ಚುಚ್ಚಿಲ್ಲ. ಓದುವವರು, ನೋಡುವವರು ಯಾವಾಗಲೂ ಸಾಕ್ಷಿಗಳು. ಗೇಮ್‌ನಲ್ಲಿ ಮಾತ್ರ ನಾವೇ ಮಾಡಿದವರು.

ಇದಕ್ಕೆ ಯಾವಾಗಲೂ ಕೊಲೆಯೇ ಬೇಕು ಅಂತೇನಿಲ್ಲ. 2017ರ ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್‌ನಲ್ಲಿ ಲೂಯಿಸ್ ಅಂತ ಒಬ್ಬ ಹುಡುಗ ಇದ್ದಾನೆ. ಡಬ್ಬಿಯಲ್ಲಿ ಮೀನು ತುಂಬುವ ಕಾರ್ಖಾನೆಯಲ್ಲಿ ಕೆಲಸ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ಬಲಗಡೆ ಸ್ಟಿಕ್ (ಬೆರಳಲ್ಲಿ ತಳ್ಳುವ ಪುಟ್ಟ ಕಡ್ಡಿ) ಅವನ ಕೈ. ಮೀನು ಎಳೆದುಕೋ, ಬ್ಲೇಡಿನ ಕೆಳಗೆ ಇಡು, ತಲೆ ಕತ್ತರಿಸು, ಮುಂದಕ್ಕೆ ಎಸೆ. ಮತ್ತೆ ಮೀನು. ಅಷ್ಟರಲ್ಲಿ ಪರದೆಯ ಮೇಲೆ ಅವನ ಹಗಲುಗನಸು ಚಿಕ್ಕದಾಗಿ ತೆರೆದುಕೊಳ್ಳುತ್ತದೆ. ಅದರೊಳಗೆ ನಡೆಯೋಕೆ ಎಡಗಡೆ ಸ್ಟಿಕ್. ಮೊದಮೊದಲು ಎರಡನ್ನೂ ಒಟ್ಟಿಗೆ ಮಾಡೋದು ಕಷ್ಟ. ಆಮೇಲೆ ಬಲಗೈ ತನ್ನಷ್ಟಕ್ಕೆ ಮೀನು ಕತ್ತರಿಸುತ್ತಾ ಇರುತ್ತದೆ, ಮನಸ್ಸು ಪೂರ್ತಿ ಎಡಗೈಯಲ್ಲಿರುತ್ತದೆ. ಕನಸು ದೊಡ್ಡದಾಗುತ್ತಾ ಆಗುತ್ತಾ ಕಾರ್ಖಾನೆಯನ್ನೇ ಮುಚ್ಚಿಬಿಡುತ್ತದೆ. ಹುಡುಗ ಕೆಲಸದಲ್ಲಿ ಮೈಮರೆತು ತನ್ನದೇ ಲೋಕಕ್ಕೆ ಜಾರಿಹೋದ ಅಂತ ಒಂದು ಸಾಲಿನಲ್ಲಿ ಬರೆಯಬಹುದು. ಇಲ್ಲಿ ಮೈಮರೆಯೋದು ನಿಮ್ಮ ಕೈಯೇ. ಅವನಿಗೆ ಏನಾಗುತ್ತಿದೆ ಅಂತ ನಿಮ್ಮ ಬೆರಳಿಗೆ ನಿಮಗಿಂತ ಮೊದಲೇ ಗೊತ್ತಾಗಿರುತ್ತದೆ. ಕೊನೆ ಏನು ಅಂತ ಹೇಳಲ್ಲ. ನನಗೆ ಗೊತ್ತಿರುವ ಗೇಮ್ ದೃಶ್ಯಗಳಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ್ದು ಇನ್ನೊಂದಿಲ್ಲ. 2018ರಲ್ಲಿ ಬ್ರಿಟನ್ನಿನ ಸಿನಿಮಾ, ಟಿವಿ, ಗೇಮ್ ಅಕಾಡೆಮಿಯಾದ ಬಾಫ್ಟಾದವರು ಇದಕ್ಕೆ ಅತ್ಯುತ್ತಮ ಗೇಮ್ ಪ್ರಶಸ್ತಿ ಕೊಟ್ಟಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಈ ಚಾಳಿ ಹೊಸದೇನಲ್ಲ. 1998ರ ಮೆಟಲ್ ಗೇರ್ ಸಾಲಿಡ್‌ನಲ್ಲಿ ಸೈಕೋ ಮ್ಯಾಂಟಿಸ್ ಅನ್ನುವ ಖಳ ಸೇವ್‌ಗಳನ್ನು ಇಡುವ ನಿಮ್ಮ ಮೆಮೊರಿ ಕಾರ್ಡ್ ಓದಿ, ನೀವು ಆಡಿರುವ ಬೇರೆ ಕೆಲವು ಗೇಮ್‌ಗಳ ಹೆಸರು ಹೇಳುತ್ತಿದ್ದ. ನೀವು ಒತ್ತುವ ಬಟನ್‌ಗಳೆಲ್ಲ ಅವನಿಗೆ ಮೊದಲೇ ಗೊತ್ತಿರುತ್ತಿದ್ದವು. ಕಂಟ್ರೋಲರ್ ಕಿತ್ತು ಎರಡನೇ ಪೋರ್ಟ್‌ಗೆ ಸಿಕ್ಕಿಸಿದರೆ ಅವನಿಗೆ ನಿಮ್ಮ ಮನಸ್ಸು ಓದೋಕೆ ಆಗುತ್ತಿರಲಿಲ್ಲ. ಅದಕ್ಕೂ ಹಿಂದೆ, 1994ರಲ್ಲಿ, ಜಾಪಾನಿನಲ್ಲಿ ಮದರ್ 2 ಬಂತು. ಬೇರೆ ಕಡೆ ಅದರ ಹೆಸರು ಅರ್ಥ್‌ಬೌಂಡ್. ಅದರಲ್ಲಿ ಹುಡುಗ ಬಹಳ ದಿನ ಅಮ್ಮನಿಗೆ ಫೋನ್ ಮಾಡದಿದ್ದರೆ ಅವನಿಗೆ ಮನೆ ನೆನಪು ಕಾಡುತ್ತದೆ. ಕಾದಾಟದ ನಡುವೆ ಸರದಿ ಬಂದರೂ ಮನೆಯನ್ನೇ ನೆನೆಯುತ್ತಾ ನಿಂತುಬಿಡುತ್ತಾನೆ. ಫೋನ್ ಮಾಡಿ ಅಮ್ಮನ ದನಿ ಕೇಳಿದರೆ ಸರಿಹೋಗುತ್ತಾನೆ. ಲೋಕ ಉಳಿಸೋಕೆ ಹೊರಟ ಹುಡುಗ ಇನ್ನೂ ಎಷ್ಟು ಚಿಕ್ಕವನು ಅಂತ ತಿಳಿಸೋಕೆ ಇದಕ್ಕಿಂತ ಬೇರೆ ಏನು ಬೇಕು?

ಈಗ ಮಾತು ಜಾಸ್ತಿ ಇರುವ ಗೇಮ್‌ಗಳ ವಿಷಯ. ನೀವು ಹೆಚ್ಚು ತಲೆ ಕೆಡಿಸಿಕೊಂಡಿರೋದು ಅದರ ಬಗ್ಗೆಯೇ ಅನ್ನಿಸುತ್ತದೆ. ಇಲ್ಲಿ ನಾನು ಡಿಸ್ಕೊ ಎಲಿಸಿಯಮ್ ಬಿಟ್ಟು ಬೇರೆ ಮಾತಾಡೋಕೆ ಸಾಧ್ಯವೇ ಇಲ್ಲ. 2019ರಲ್ಲಿ ಬಂತು. ಎಸ್ಟೋನಿಯಾದಲ್ಲಿ ಹುಟ್ಟಿದ ತಂಡದ ಕೆಲಸ. ಅದರ ಪಠ್ಯ ಹತ್ತು ಲಕ್ಷ ಪದ ದಾಟುತ್ತದೆ. ನೀವು ಒಬ್ಬ ಪತ್ತೇದಾರ. ಕುಡಿದು ಕುಡಿದು ತನ್ನ ಹೆಸರನ್ನೇ ಮರೆತವನು. ಹಾಸ್ಟೆಲ್ ಕೋಣೆಯ ನೆಲದ ಮೇಲೆ ಎಚ್ಚರಾಗುತ್ತೀರಿ. ಮೈಯಲ್ಲಿ ಶಕ್ತಿ ತೀರಾ ಕಮ್ಮಿ ಇರುವ ಹಾಗೆ ಪಾತ್ರ ಕಟ್ಟಿಕೊಂಡಿದ್ದರೆ, ಕೋಣೆಯ ಲೈಟ್ ಹಾಕಿದ ಏಟಿಗೆ ಹೃದಯ ನಿಂತು ಸಾಯಬಹುದು. ಗೇಮ್ ಶುರುವಾಗಿ ನಾಲ್ಕು ಹೆಜ್ಜೆಯೂ ಆಗಿರೋಲ್ಲ.

ಹೊಡೆದಾಟಕ್ಕೆ ಅಂತ ಬೇರೆ ವ್ಯವಸ್ಥೆಯೇ ಇದರಲ್ಲಿಲ್ಲ. ಇರೋದು 24 ಕೌಶಲಗಳು, ಒಂದೊಂದಕ್ಕೂ ಒಂದೊಂದು ದನಿ. ತರ್ಕ ಒಂದು ಹೇಳುತ್ತದೆ, ಅಂತಃಕರಣ ಇನ್ನೊಂದು. ಸಾಮಾನ್ಯ ಜ್ಞಾನದ ದನಿ ಯಾರೂ ಕೇಳದ ವಿವರ ಕೊರೆಯುತ್ತದೆ. ಚಟದ ದನಿ ಸಿಗರೇಟಿನ ಕಡೆ ಎಳೆಯುತ್ತದೆ. ಕಲ್ಪನೆ ಜಾಸ್ತಿ ಬೆಳೆದಿದ್ದರೆ ಕತ್ತಿನ ಟೈ ಕೂಡ ಮಾತಾಡುತ್ತದೆ. ಎದುರಿಗೆ ಒಬ್ಬ ಮನುಷ್ಯ ನಿಂತಿರುತ್ತಾನೆ. ನಿಮ್ಮ ತಲೆಯೊಳಗೆ ಮಾತ್ರ ಕೂಡುಕುಟುಂಬದ ಜಗಳ ನಡೆದಿರುತ್ತದೆ. ಎಲ್ಲ ದನಿಯೂ ನಿಜ ಹೇಳೋಲ್ಲ. ಯಾವುದನ್ನು ನಂಬಬೇಕು ಅನ್ನೋದೇ ಇಲ್ಲಿ ಆಟ. ಕೌಶಲ ಬೆಳೆಸಿಕೊಂಡಷ್ಟೂ ಒಳ್ಳೇದು ಅಂತ ಬೇರೆ ಗೇಮ್‌ಗಳು ಕಲಿಸಿರುತ್ತವೆ. ಇಲ್ಲಿ ಒಂದು ಕೌಶಲ ಅತಿಯಾಗಿ ಬೆಳೆದರೆ ಅದು ನಿಮ್ಮನ್ನೇ ಆಳೋಕೆ ಶುರು ಮಾಡುತ್ತದೆ. ಬರೀ ಬುದ್ಧಿಯನ್ನೇ ನೆಚ್ಚಿಕೊಂಡವರು ಬದುಕಿನಲ್ಲಿ ಎಡವೋದೂ ಹೀಗೇ ಅಲ್ವಾ?

ಸೋಲನ್ನು ಈ ಗೇಮ್ ನಡೆಸಿಕೊಳ್ಳುವ ರೀತಿ ನನಗೆ ಇನ್ನೂ ಇಷ್ಟ. ಶುರುವಿನಲ್ಲೇ ಹಾಸ್ಟೆಲ್ ನೋಡಿಕೊಳ್ಳುವವನು ಬಾಕಿ ದುಡ್ಡು ಕೇಳುತ್ತಾನೆ. ಕೊಡದೆ ಓಡಿಹೋಗುವ ದಾರಿಯೂ ಒಂದಿದೆ. ಇಂಥ ಕೆಲಸ ಆಗುತ್ತೋ ಇಲ್ಲವೋ ಅನ್ನೋದನ್ನು ಗೇಮ್ ದಾಳ ಹಾಕಿ ತೀರ್ಮಾನಿಸುತ್ತದೆ. ದಾಳ ಕೈಕೊಟ್ಟರೆ, ಓಡುತ್ತಾ ಹಿಂದಕ್ಕೆ ತಿರುಗಿ ಅವನನ್ನು ಅಣಕಿಸುತ್ತಾ ಹಾರಿ, ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಅಜ್ಜಿಗೆ ಡಿಕ್ಕಿ ಹೊಡೆಯುತ್ತೀರಿ. ಗೆದ್ದವರಿಗೆ ಈ ದೃಶ್ಯ ಸಿಗೋದೇ ಇಲ್ಲ. ಸೋತವರಿಗೂ ಬರಹಗಾರರು ಇಷ್ಟು ಮುತುವರ್ಜಿಯಿಂದ ಬರೆದಿಟ್ಟಿದ್ದಾರೆ. ಪಕ್ಕದಲ್ಲಿ ಕಿಮ್ ಕಿತ್ಸುರಾಗಿ ಅನ್ನುವ ಜೊತೆಗಾರ ಇರುತ್ತಾನೆ. ಮಿತಭಾಷಿ, ಶಿಸ್ತಿನ ಮನುಷ್ಯ. ನೀವು ಏನೇ ಹುಚ್ಚಾಟ ಮಾಡಿದರೂ ಅವನು ನೋಡುತ್ತಿರುತ್ತಾನೆ. ಆಡುತ್ತಾ ಆಡುತ್ತಾ, ಇವನ ಎದುರಿಗೆ ಹೀಗೆ ಮಾಡಬಾರದು ಅಂತ ನಿಮಗೇ ಅನ್ನಿಸತೊಡಗುತ್ತದೆ. ಅಂಕ ಕೊಟ್ಟು ಹುಟ್ಟಿಸಿದ ಗೌರವ ಅಲ್ಲ ಅದು. ಇಷ್ಟು ಮಾತು, ಇಷ್ಟು ದನಿ, ಇಷ್ಟು ಸೋಲು ಇದ್ದಿದ್ದರಿಂದಲೇ ಹುಟ್ಟಿದ್ದು.

ಹಾಗಂತ ವಿಚಿತ್ರವಾಗಿದ್ದರೆ ಸಾಕು ಅಂತ ನಾನು ಹೇಳೋಲ್ಲ. ಬಣ್ಣ ಬಳಿದ ಹಾಗೆ ಮೇಲೆ ಮೇಲೆ ವಿಚಿತ್ರ ಹಚ್ಚಿದ ಗೇಮ್‌ಗಳು ಬೇಗ ಬೇಸರ ತರಿಸುತ್ತವೆ. ಪಾತ್ರಗಳು ಹುಚ್ಚುಹುಚ್ಚಾಗಿ ಮಾತಾಡುತ್ತವೆ, ನಿಮ್ಮ ಕೈ ಮಾತ್ರ ಹಳೇ ಕೆಲಸವನ್ನೇ ಮಾಡುತ್ತಿರುತ್ತದೆ. ಒಳ್ಳೆಯ ಗೇಮ್‌ಗಳಲ್ಲೂ ಈ ತೊಂದರೆ ಇದೆ. ಮೆಟಲ್ ಗೇರ್ ಸಾಲಿಡ್ ಮಾಡಿದ ಹಿಡಿಯೊ ಕೊಜಿಮಾ ಅವರ ಡೆತ್ ಸ್ಟ್ರಾಂಡಿಂಗ್‌ನಲ್ಲಿ ಬೆನ್ನ ಮೇಲೆ ಹೊರೆ ಹೊತ್ತು, ಬೀಳದ ಹಾಗೆ ಎಡಕ್ಕೂ ಬಲಕ್ಕೂ ಸರಿದೂಗಿಸುತ್ತಾ ಗುಡ್ಡ ಇಳಿಯುವಾಗ, ಇನ್ಯಾರೋ ಆಟಗಾರರು ಬಿಟ್ಟುಹೋದ ಏಣಿ ಸಿಗುತ್ತದೆ. ಅವರು ಯಾರು ಅಂತ ಗೊತ್ತಿಲ್ಲ. ಆದರೂ ಮನಸ್ಸು ತುಂಬಿಬರುತ್ತದೆ. ಅದೇ ಗೇಮ್ ಕೊನೆಯಲ್ಲಿ ಕಂಟ್ರೋಲರ್ ಕೆಳಗಿಡಿಸಿ ಉದ್ದುದ್ದ ವಿವರಣೆ ಕೊಡುವಾಗ ನನ್ನ ಮನಸ್ಸು ಆಚೆ ಹೋಗುತ್ತದೆ. ಏಣಿ ಹೇಳಿದ್ದನ್ನು ಆ ವಿವರಣೆ ಹೇಳಲಾರದು.

ಇಂಥ ಗೇಮ್‌ಗಳಿಗೆ ಅಭಿಮಾನಿಗಳು ಜೀವ ಕೊಡೋದು ಯಾಕೆ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಅವುಗಳಲ್ಲಿ ಮಾಡಿದವರ ಕೈಗುರುತು ಕಾಣುತ್ತದೆ. 2010ರ ಡೆಡ್ಲಿ ಪ್ರಿಮೊನಿಷನ್‌ಗೆ ಒಬ್ಬ ವಿಮರ್ಶಕರು ಹತ್ತಕ್ಕೆ ಎರಡು ಕೊಟ್ಟರು, ಇನ್ನೊಬ್ಬರು ಹತ್ತಕ್ಕೆ ಹತ್ತು. ಓಡಿಸೋಕೆ ಕಾರ್ ಒರಟು, ಹೊಡೆದಾಟ ಸಪ್ಪೆ. ಆದರೆ ಕಾರ್ ಓಡಿಸುತ್ತಾ ನಾಯಕ ತನ್ನೊಳಗಿನ ಜ್ಯಾಕ್ ಅನ್ನುವವನ ಜೊತೆ ಹಳೇ ಸಿನಿಮಾಗಳ ಬಗ್ಗೆ ಹರಟುತ್ತಾನೆ. ಊರಿನ ಜನ ಅವರವರ ಹೊತ್ತಿಗೆ ಅವರವರ ಕೆಲಸಕ್ಕೆ ಹೋಗಿಬರುತ್ತಾರೆ. ಮಾರಾಟದ ಲೆಕ್ಕ ಹಾಕುವ ಸಮಿತಿ ಕೂತಿದ್ದರೆ ಆ ಹರಟೆಯನ್ನು ಮೊದಲು ಕಿತ್ತುಹಾಕುತ್ತಿತ್ತು. ಇಂಥದ್ದು ಕಂಡಾಗ ಆಚೆ ಕಡೆ ಒಬ್ಬ ಮನುಷ್ಯ ಇದ್ದಾನೆ, ನನ್ನ ಜೊತೆ ಮಾತಾಡುತ್ತಿದ್ದಾನೆ ಅನ್ನಿಸುತ್ತದೆ. 2006ರ ಮದರ್ 3 ಜಾಪಾನಿನ ಹೊರಗೆ ಬರಲೇ ಇಲ್ಲ. ಅಭಿಮಾನಿಗಳೇ ಕೂತು, ಪೂರ್ತಿ ಅನುವಾದ ಮಾಡಿ, 2008ರಲ್ಲಿ ಪುಕ್ಕಟೆ ಹಂಚಿದರು. ಬರೀ ಹೊತ್ತು ಕಳೆಯುವ ಆಟಕ್ಕೆ ಯಾರೂ ಅಷ್ಟು ದುಡಿಯೋಲ್ಲ.

ಇನ್ನೊಂದೇ ಉದಾಹರಣೆ. 2017ರ ನಿಯರ್: ಆಟೊಮಾಟಾದ ಕೊನೇ ಮುಕ್ತಾಯದಲ್ಲಿ, ಮಾಡಿದವರ ಹೆಸರುಗಳು ಪರದೆಯ ಮೇಲೆ ಬರುವಾಗ ಆ ಹೆಸರುಗಳೇ ನಿಮ್ಮ ಪುಟ್ಟ ಹಡಗಿನ ಮೇಲೆ ಗುಂಡು ಹಾರಿಸುತ್ತವೆ. ಒಬ್ಬರೇ ಗೆಲ್ಲೋದು ಹೆಚ್ಚುಕಮ್ಮಿ ಆಗದ ಮಾತು. ಸತ್ತು ಸತ್ತು ಸಾಕಾದಾಗ ಬೇರೆ ಆಟಗಾರರ ನೆರವು ಬೇಕಾ ಅಂತ ಕೇಳುತ್ತದೆ. ಹೂಂ ಅಂದರೆ ಅವರ ಹಡಗುಗಳು ಬಂದು ನಿಮ್ಮ ಸುತ್ತ ನಿಲ್ಲುತ್ತವೆ. ಗೆದ್ದ ಮೇಲೆ ಒಂದು ಪ್ರಶ್ನೆ ಬರುತ್ತದೆ: ಗುರುತಿಲ್ಲದ ಯಾರಿಗೋ ಹೀಗೇ ನೆರವಾಗೋಕೆ ನಿನ್ನ ಸೇವ್ ಪೂರ್ತಿ ಅಳಿಸಲು ಒಪ್ಪುತ್ತೀಯಾ? ನಿಮಗೆ ನೆರವಾದವರೂ ಅಳಿಸಿಯೇ ಬಂದವರು. ನಾನು ಒಪ್ಪಿದೆ. ಆಡಿದ್ದೆಲ್ಲ ಒಂದೊಂದಾಗಿ ಅಳಿಸಿಹೋಗೋದನ್ನು ನೋಡುತ್ತಾ ಕೂತೆ. ಯಾಕೋ ನಷ್ಟ ಅನ್ನಿಸಲೇ ಇಲ್ಲ.

ಕಿರಿಕಿರಿ ಆಗುವವರೂ ಇದ್ದಾರೆ. ದಣಿದು ಬಂದು ಅರ್ಧ ಗಂಟೆ ಚೆಂಡು ಒದ್ದು ಹಗುರಾಗಬೇಕು ಅನ್ನುವವರಿಗೆ ಇದೆಲ್ಲ ಬೇಡದ ಭಾರ. ಅದೂ ಸರಿಯೇ.

ನೀವೇ ಒಂದು ಆಡಿ ನೋಡೋದಾದರೆ ಈಡಿತ್ ಫಿಂಚ್‌ನಿಂದ ಶುರು ಮಾಡಿ. ಎರಡು ಗಂಟೆ ಆಸುಪಾಸಿನಲ್ಲಿ ಮುಗಿಯುತ್ತದೆ, ಆಡೋಕೆ ಯಾವ ಚಳಕವೂ ಬೇಕಿಲ್ಲ. ಆಮೇಲೆ ಅಂಡರ್‌ಟೇಲ್, ಮೊದಲ ಸಲ ಆಡುವಾಗ ಇಂಟರ್‌ನೆಟ್‌ನಲ್ಲಿ ಏನೂ ಹುಡುಕಬೇಡಿ. ಡಿಸ್ಕೊ ಎಲಿಸಿಯಮ್‌ಗೆ ಇಪ್ಪತ್ತು ಮೂವತ್ತು ಗಂಟೆ ಬೇಕು. 2021ರಲ್ಲಿ ಬಂದ ಫೈನಲ್ ಕಟ್ ಆವೃತ್ತಿಯಲ್ಲಿ ಎಲ್ಲ ಮಾತಿಗೂ ದನಿ ಕೊಟ್ಟಿದ್ದಾರೆ, ಅದನ್ನೇ ತಗೊಳ್ಳಿ. ದಾಳ ಕೈಕೊಟ್ಟಾಗ ಸೇವ್‌ಗೆ ವಾಪಸ್ ಹೋಗಬೇಡಿ. ಸೋತ ದಾರಿಯಲ್ಲೇ ಮುಂದೆ ನಡೆಯಿರಿ, ಏನಾಯ್ತು ಅಂತ ಇಲ್ಲಿ ಬರೆಯಿರಿ. ಓದೋಕೆ ನಾನಿದ್ದೇನೆ.